ಗಂಟು ತೆಗೆಸಿದ ಮೇಲೆ ಮನೆಯ ಆರೈಕೆ

ನ್ಯಾಮತಿ ಕಡೆಯ ಹಳ್ಳಿಯೊಂದರ ಮಹಿಳೆ. ವಯಸ್ಸು ಐವತ್ತರ ಆಸುಪಾಸು. ಎದೆಯಲ್ಲಿ ಅಡಿಕೆ ಗಾತ್ರದ ಗಂಟು ಇತ್ತೆಂದು ಬೇರೊಂದು ಊರಿನಲ್ಲಿ ತೆಗೆಸಿಕೊಂಡು ಬಂದಿದ್ದರು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಿಕೊಳ್ಳಲು ನನ್ನ ಚಿಕಿತ್ಸಾಲಯಕ್ಕೆ ಬಂದರು. ಗಾಯ ಚೆನ್ನಾಗಿ ಕೂಡಿಕೊಂಡಿತ್ತು. ಕೀವಿಲ್ಲ, ಕೆಂಪಿಲ್ಲ, ನೋವಿಲ್ಲ. ಹೊಲಿಗೆ ಬಿಚ್ಚಿ, "ಬಹಳ ಚೆನ್ನಾಗಿ ಮಾಯ್ದಿದೆ, ಇನ್ನೇನೂ ಭಯವಿಲ್ಲ" ಎಂದು ಹೇಳಿ ಕಳುಹಿಸಿದೆ.

ಎಂಟು ತಿಂಗಳ ನಂತರ ಅದೇ ಮಹಿಳೆ ಮತ್ತೆ ಬಂದರು. ಈ ಸಲ ಕಂಕುಳಲ್ಲಿ ಗಂಟು. ಮುಟ್ಟಿದರೆ ಕಲ್ಲಿನಂತೆ ಗಟ್ಟಿ.

"ಅವತ್ತು ತೆಗೆದ ಗಂಟಿನ ವರದಿ ಎಲ್ಲಿದೆಯಮ್ಮ?" ಎಂದು ಕೇಳಿದೆ.

"ಅದೇನು ವರದಿ ಸಾರ್? ಒಂದು ಬಾಟ್ಲಿ ಕೊಟ್ಟಿದ್ರು, ದಾವಣಗೆರೆಗೆ ಕೊಡ್ರಿ ಅಂದಿದ್ರು. ಆಮೇಲೆ ಗಾಯ ಮಾಯ್ತಲ್ಲ ಅಂತ ಅಟ್ಟದ ಮೇಲೆ ಇಟ್ಟೀವಿ" ಎಂದರು.

ತಪ್ಪು ಅವರದೊಂದೇ ಅಲ್ಲ. ಹೊಲಿಗೆ ಬಿಚ್ಚಿದವನು ನಾನು. ಆ ದಿನ ನಾನು ನೋಡಿದ್ದು ಗಾಯವನ್ನು ಮಾತ್ರ. ತೆಗೆದ ಗಂಟು ಏನಾಯಿತು ಎಂದು ಕೇಳಬೇಕಾಗಿತ್ತು, ಕೇಳಲಿಲ್ಲ.

ಈ ವಾರ ಆ ಬಾಟಲಿಯ ವಿಷಯವನ್ನೂ, ಗಂಟು ತೆಗೆಸಿಕೊಂಡವರನ್ನು ಮನೆಗೆ ಕರೆತಂದ ಮೇಲೆ ಮಾಡಬೇಕಾದ ಆರೈಕೆಯನ್ನೂ ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಇದಕ್ಕೆ ವಿಶೇಷ ಕಾರಣವುಂಟು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂದಿತು. ಹೊನ್ನಾಳಿಯಿಂದ ಬೇರ್ಪಟ್ಟು ಈಗ ನ್ಯಾಮತಿಯೂ ಒಂದು ತಾಲ್ಲೂಕು. ಜಿಲ್ಲೆ ಬದಲಾದರೂ ಜನರ ಆಸ್ಪತ್ರೆಯ ದಾರಿ ಪೂರ್ತಿ ಬದಲಾಗಲಿಲ್ಲ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಅನೇಕರು ಇಂದಿಗೂ ಶಿವಮೊಗ್ಗದ ಬಸ್ಸು ಹತ್ತುತ್ತಾರೆ. ಜಗಳೂರಿನವರು ದಾವಣಗೆರೆಗೆ ಹೋಗುತ್ತಾರೆ. ಹೀಗಾಗಿ ಗಂಟು ತೆಗೆಯುವುದು ಒಂದೂರಿನಲ್ಲಿ, ಅದರ ಪರೀಕ್ಷೆ ಇನ್ನೊಂದೂರಿನಲ್ಲಿ, ಹೊಲಿಗೆ ಬಿಚ್ಚುವುದು ಮತ್ತೊಂದೂರಿನಲ್ಲಿ. ಮೂರೂ ಕಡೆ ಓಡಾಡುವುದು ಮನೆಯವರೇ. ಆದ್ದರಿಂದ ಇಡೀ ಸಂಗತಿಯನ್ನು ತಿಳಿದಿರಬೇಕಾದವರೂ ಮನೆಯವರೇ.

ಮುಟ್ಟಿ ನೋಡಿ ಹೇಳಲಾಗದು

ಗಂಟು ಎಂದಕೂಡಲೇ ಹೆದರಬೇಕಾಗಿಲ್ಲ. ನಾವು ದಿನನಿತ್ಯ ಕಾಣುವ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಬೆನ್ನು, ಭುಜ, ತೋಳುಗಳಲ್ಲಿ ಮೆತ್ತಗೆ ಬೆರಳಿನ ಕೆಳಗೆ ಜಾರುವುದು ಸಾಮಾನ್ಯವಾಗಿ ಕೊಬ್ಬಿನ ಗಡ್ಡೆ. ವೈದ್ಯರು ಇದನ್ನು ಲೈಪೋಮ ಎನ್ನುತ್ತಾರೆ. ತಲೆಯ ಮೇಲೆ, ಕಿವಿಯ ಹಿಂದೆ ಗೋಲಿಯಂತೆ ದುಂಡಗೆ ಬೆಳೆಯುವುದು ಬಹುಮಟ್ಟಿಗೆ ಚರ್ಮದ ಕೆಳಗಿನ ಒಂದು ಚೀಲ. ಒಳಗೆ ಬೆಣ್ಣೆಯಂಥ ವಸ್ತು ತುಂಬಿರುತ್ತದೆ. ಚೀಲವನ್ನು ಪೂರ್ತಿ ತೆಗೆಯದೆ ಬರಿದೆ ಹಿಂಡಿದರೆ ಅದು ಮತ್ತೆ ಬೆಳೆಯುತ್ತದೆ. ಹರೆಯದ ಹೆಣ್ಣುಮಕ್ಕಳ ಎದೆಯಲ್ಲಿ ಬೆರಳಿಗೆ ಸಿಗದೆ ಜಾರುವ ಗಂಟು ಹೆಚ್ಚಾಗಿ ಫೈಬ್ರೊಅಡಿನೋಮ. ಅದೂ ಕ್ಯಾನ್ಸರ್ ಅಲ್ಲ.

ಕುತ್ತಿಗೆಯ ಪಕ್ಕದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಬೆಳೆಯುವ, ನೋವಿಲ್ಲದ ಗಂಟುಗಳ ಕಥೆ ಬೇರೆ. ಹಿರಿಯರು ಇದನ್ನು ಗಂಡಮಾಲೆ ಎನ್ನುತ್ತಿದ್ದರು. ಇದು ಬಹಳ ಸಲ ದುಗ್ಧಗ್ರಂಥಿಯ ಕ್ಷಯ. ಶ್ವಾಸಕೋಶಕ್ಕೆ ಬರುವ ಅದೇ ಕ್ಷಯ.

ಇಷ್ಟೆಲ್ಲ ಹೇಳಿದರೂ ಬೆರಳಿಗೆ ತೋರುವುದು ಊಹೆ ಮಾತ್ರ. ಐದು ಸೆಂಟಿಮೀಟರಿಗಿಂತ ದೊಡ್ಡದಾದ, ಬೇಗ ಬೇಗ ಬೆಳೆಯುವ, ಗಟ್ಟಿಯಾದ, ಅಲುಗಾಡದೆ ಅಂಟಿ ಕುಳಿತ ಗಂಟನ್ನು ಬರೀ ಕೊಬ್ಬಿನ ಗಡ್ಡೆ ಎಂದು ಯಾರೂ ಹೇಳಬಾರದು. ಎದೆಯ ಗಂಟಾದರೆ ತೆಗೆಸುವುದಕ್ಕೆ ಮುಂಚೆಯೇ ಸ್ಕ್ಯಾನಿಂಗ್ ಅಥವಾ ಮ್ಯಾಮೊಗ್ರಾಂ ಮತ್ತು ಸೂಜಿ ಪರೀಕ್ಷೆ ಆಗಬೇಕು. ಮೊದಲು ಕತ್ತರಿಸಿ ಆಮೇಲೆ ನೋಡೋಣ ಎನ್ನುವುದು ಎದೆಯ ಗಂಟಿನ ಮಟ್ಟಿಗೆ ಒಳ್ಳೆಯ ಪದ್ಧತಿಯಲ್ಲ. ಕ್ಯಾನ್ಸರ್ ಆಗಿದ್ದರೆ ಮಾಡಬೇಕಾದ ಶಸ್ತ್ರಕ್ರಿಯೆಯೇ ಬೇರೆ.

ಆ ಬಾಟಲಿ

ತೆಗೆದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಅದು ಏನೆಂದು ಖಚಿತವಾಗುವುದು. ಇದಕ್ಕಾಗಿ ಅದನ್ನು ಫಾರ್ಮಲಿನ್ ಎಂಬ ದ್ರಾವಣದಲ್ಲಿ ಹಾಕಿ ಮನೆಯವರ ಕೈಗೆ ಕೊಡುತ್ತಾರೆ. ಗಂಟು ಪೂರ್ತಿ ಮುಳುಗಿ, ಅದರ ಗಾತ್ರದ ಸುಮಾರು ಹತ್ತು ಪಟ್ಟು ದ್ರಾವಣ ಇರಬೇಕು. ಕಡಿಮೆಯಾದರೆ ಒಳಭಾಗ ಕೊಳೆಯುತ್ತದೆ, ಪರೀಕ್ಷೆಗೆ ಬಾರದು. ಬಾಟಲಿ ತೆಗೆದುಕೊಳ್ಳುವಾಗ ಅಲ್ಲಿಯೇ ನಿಂತು ನೋಡಿ: ಹೆಸರು, ವಯಸ್ಸು, ದೇಹದ ಯಾವ ಭಾಗದ್ದು, ಎಡವೋ ಬಲವೋ, ಯಾವ ದಿನ ತೆಗೆದದ್ದು, ಇವನ್ನೆಲ್ಲ ಬರೆದ ಚೀಟಿ ಬಾಟಲಿಯ ಮೈಗೆ ಅಂಟಿದೆಯೇ? ಮುಚ್ಚಳಕ್ಕೆ ಅಂಟಿಸಿದರೆ ಸಾಲದು. ಮುಚ್ಚಳಗಳು ಅದಲುಬದಲಾಗುತ್ತವೆ.

ಒಬ್ಬರು ಮನೆಗೆ ಹೋದ ಮೇಲೆ ಬಾಟಲಿಯಲ್ಲಿ ನೀರು ಕಡಿಮೆ ಕಂಡಿತೆಂದು ಸ್ಪಿರಿಟ್ ತುಂಬಿಸಿದ್ದರು. ಮತ್ತೊಬ್ಬರು ಕೊಳೆತೀತೆಂದು ಫ್ರಿಜ್ಜಿನ ಮಂಜಿನ ಅರೆಯಲ್ಲಿ ಇಟ್ಟಿದ್ದರು. ಎರಡೂ ಬೇಡ. ನೆರಳಿನಲ್ಲಿ, ಮಕ್ಕಳ ಕೈಗೆ ಸಿಗದಂತೆ, ಅಡಿಗೆ ಸಾಮಾನಿನಿಂದ ದೂರ ಇಟ್ಟು ಮರುದಿನವೇ ತಲುಪಿಸಿ. ಫಾರ್ಮಲಿನ್ ವಿಷ.

ಕುತ್ತಿಗೆಯ ಗಂಟಾಗಿ ಕ್ಷಯದ ಸಂಶಯವಿದ್ದರೆ ಇನ್ನೊಂದು ಮಾತನ್ನು ಶಸ್ತ್ರಕ್ರಿಯೆಗೆ ಮೊದಲೇ ವೈದ್ಯರಲ್ಲಿ ಕೇಳಿ. ಫಾರ್ಮಲಿನ್ ಕ್ಷಯದ ಕ್ರಿಮಿಗಳನ್ನು ಕೊಲ್ಲುತ್ತದೆ. ಸತ್ತ ಕ್ರಿಮಿಯನ್ನು ಬೆಳೆಸಿ ನೋಡಲು ಸಾಧ್ಯವಿಲ್ಲ. ಆದ್ದರಿಂದ ಗಂಟಿನ ಒಂದು ತುಂಡನ್ನು ಬೇರೆ ಬಾಟಲಿಯಲ್ಲಿ, ಬರಿಯ ಸಲೈನಿನಲ್ಲಿ ಹಾಕಿ ಕ್ಷಯದ ಪರೀಕ್ಷೆಗೆ ಕೂಡಲೇ ಕಳಿಸಬೇಕಾಗುತ್ತದೆ. ಯಾವ ಔಷಧಕ್ಕೆ ಆ ಕ್ರಿಮಿ ಬಗ್ಗುತ್ತದೆ ಎಂಬುದು ತಿಳಿಯುವುದು ಇದರಿಂದಲೇ.

ಮೊದಲ ಎರಡು ದಿನ

ಸಣ್ಣ ಗಂಟುಗಳನ್ನು ಆ ಜಾಗಕ್ಕಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ತೆಗೆಯುತ್ತಾರೆ. ಅದರ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಬಸ್ಸಿನಲ್ಲಿ ನಗುನಗುತ್ತ ಬಂದವರು ಮನೆ ಮುಟ್ಟುವ ಹೊತ್ತಿಗೆ ನರಳಲು ಶುರುಮಾಡುವುದು ಇದಕ್ಕೇ. ಗಾಬರಿ ಬೇಡ. ದೊಡ್ಡವರಿಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಮಾತ್ರೆ ಆರು ಗಂಟೆಗೊಂದರಂತೆ ಸಾಕಾಗುತ್ತದೆ. ಯಕೃತ್ತಿನ ಕಾಯಿಲೆಯವರೂ ದಿನಾ ಮದ್ಯ ಸೇವಿಸುವವರೂ ಕೇಳದೆ ತೆಗೆದುಕೊಳ್ಳಬಾರದು. ಅಂಗಡಿಯಲ್ಲಿ ಕೇಳಿ ತರುವ ಬಲವಾದ ನೋವಿನ ಮಾತ್ರೆಗಳು ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಅಪಾಯಕಾರಿ. ಹೃದ್ರೋಗಕ್ಕಾಗಿ ರಕ್ತ ತೆಳುಗೊಳಿಸುವ ಮಾತ್ರೆ ನುಂಗುತ್ತಿರುವವರು ಅದನ್ನು ಶಸ್ತ್ರಕ್ರಿಯೆಗೆ ಮೊದಲೇ ಹೇಳಬೇಕು. ತಾವಾಗಿಯೇ ನಿಲ್ಲಿಸುವುದೂ ಕೂಡದು.

ಪಟ್ಟಿಯ ಮೇಲೆ ಒಂದೆರಡು ರಕ್ತದ ಕಲೆ ಕಂಡರೆ ಸಹಜ. ರಕ್ತ ಜಿನುಗುತ್ತಲೇ ಇದ್ದರೆ ಶುಭ್ರವಾದ ಬಟ್ಟೆ ಮಡಿಸಿಟ್ಟು ಅಂಗೈಯಿಂದ ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ತೆಗೆದು ನೋಡಬೇಡಿ, ಗಡಿಯಾರ ನೋಡಿ. ಆಗಲೂ ನಿಲ್ಲದಿದ್ದರೆ ಅಥವಾ ಗಾಯದ ಕೆಳಗೆ ಬಿಗಿಯಾದ ಊತ ಗಂಟೆಯಿಂದ ಗಂಟೆಗೆ ಏರುತ್ತಿದ್ದರೆ ಒಳಗೆ ರಕ್ತ ಕಟ್ಟುತ್ತಿದೆ ಎಂದರ್ಥ. ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಅದರಲ್ಲೂ ಕುತ್ತಿಗೆಯ ಗಂಟು ತೆಗೆಸಿದವರು ಕ್ಷಣವೂ ತಡಮಾಡಬಾರದು, ಊತ ಉಸಿರಿನ ನಾಳವನ್ನು ಒತ್ತಬಹುದು.

ಹೊಲಿಗೆ ಹಾಕಿದ ಗಾಯದ ಅಂಚುಗಳು ಮೊದಲ 48 ಗಂಟೆಯೊಳಗೆ ಮೇಲ್ಮೈಯಲ್ಲಿ ಬೆಸೆದುಕೊಳ್ಳುತ್ತವೆ. ಅಲ್ಲಿಯವರೆಗೆ ಪಟ್ಟಿ ಒಣಗಿರಲಿ, ಬಿಚ್ಚಬೇಡಿ. ನಂತರ ವೈದ್ಯರು ಬೇಡವೆನ್ನದಿದ್ದರೆ ಸ್ನಾನ ಮಾಡಬಹುದು. ಗಾಯದ ಮೇಲೆ ಶುದ್ಧ ನೀರು ಹರಿದರೆ ತೊಂದರೆಯಿಲ್ಲ. ನೆನೆಸಬಾರದು, ಉಜ್ಜಬಾರದು, ಒದ್ದೆ ಬಿಡಬಾರದು. ಕೆರೆ, ಕಾಲುವೆ, ಹೊಳೆಯಲ್ಲಿ ಮುಳುಗುವುದು ಹೊಲಿಗೆ ಬಿಚ್ಚುವವರೆಗೂ ಬೇಡ.

ಹಿಂದೆ ಜಗಳೂರು ಕಡೆ ಕೆಲಸ ಮಾಡುತ್ತಿದ್ದಾಗ ಈ ಸ್ನಾನದ ಮಾತು ಹೇಳಲು ನನಗೆ ಸಂಕೋಚವಾಗುತ್ತಿತ್ತು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಾಯುವ ಊರುಗಳವು. ಅಲ್ಲಿಯ ಕುರಿಗಾಹಿಯೊಬ್ಬರ ಭುಜದ ಕೊಬ್ಬಿನ ಗಡ್ಡೆ ತೆಗೆಸಿದ್ದೆವು. ಹೊಲಿಗೆಯ ಮೇಲೆಯೇ ಕಂಬಳಿ ಹೊದ್ದು ಕುರಿಗಳ ಹಿಂದೆ ಹೊರಟುಬಿಟ್ಟಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟೇ: ಒಂದು ಚೊಂಬು ನೀರು ಕುದಿಸಿ ಆರಿಸಿ, ಶುಭ್ರ ಬಟ್ಟೆ ಅದ್ದಿ ಸುತ್ತಲಿನ ಧೂಳು ಒರೆಸಿ, ಒಣಗಿಸಿ, ಹತ್ತಿಯ ಹಳೆ ಪಂಚೆಯನ್ನು ಒಗೆದು ಬಿಸಿಲಿಗೆ ಒಣಗಿಸಿ ಕಂಬಳಿಗೂ ಗಾಯಕ್ಕೂ ನಡುವೆ ಹಾಕಿಕೊಳ್ಳಿ. ಒಂದು ಚೊಂಬಿನಲ್ಲಿ ಆಗುವ ಕೆಲಸ. ಗಾಯ ಮಾಯ್ದಿತು.

ಮುಟ್ಟುವ ಕೈಯನ್ನು ಮಾತ್ರ ಸೋಪು ಹಚ್ಚಿ ತೊಳೆಯಲೇಬೇಕು. ಇದಕ್ಕೆ ಬದಲಿಲ್ಲ.

ಅರಿಸಿನ, ಕಾಫಿಪುಡಿ, ಸುಣ್ಣ

ಗಾಯಕ್ಕೆ ಹಚ್ಚಿಕೊಂಡು ಬರುವ ವಸ್ತುಗಳ ಪಟ್ಟಿ ಮಾಡಿದರೆ ಒಂದು ಕಿರಾಣಿ ಅಂಗಡಿಯೇ ಆದೀತು. ಅರಿಸಿನ, ಕಾಫಿಪುಡಿ, ಬೂದಿ, ತಂಬಾಕು, ಸುಣ್ಣ, ಬೇವಿನ ಸೊಪ್ಪು. ಅರಿಸಿನದಲ್ಲಿ ಒಳ್ಳೆಯ ಗುಣವಿಲ್ಲವೇ ಎಂದು ಕೇಳುವಿರಿ. ಇರಬಹುದು. ಆದರೆ ಡಬ್ಬಿಯಲ್ಲಿರುವ ಪುಡಿ ಕ್ರಿಮಿಶುದ್ಧವಲ್ಲ. ಹೊಲಿಗೆಯ ಸಂದಿನಲ್ಲಿ ಅದು ಗಟ್ಟಿಯಾಗಿ ಕುಳಿತರೆ ಕೆಳಗೆ ಕೀವು ತುಂಬಿದರೂ ಕಾಣುವುದಿಲ್ಲ, ಚರ್ಮ ಕೆಂಪಾದರೂ ಅರಿಸಿನದ ಬಣ್ಣದಲ್ಲಿ ತಿಳಿಯುವುದಿಲ್ಲ. ಅರಿಸಿನವನ್ನು ಸಾರಿಗೆ ಹಾಕಿ. ಹೊಲಿಗೆಯ ಗಾಯಕ್ಕೆ ದಿನಾ ಔಷಧದ ಪುಡಿ ಉದುರಿಸುವುದೂ, ನೊರೆ ಬರುವ ಔಷಧ ಸುರಿಯುವುದೂ ಅನಗತ್ಯ. ಮಾಯುತ್ತಿರುವ ಹೊಸ ಚರ್ಮವನ್ನೇ ಅವು ಸುಡುತ್ತವೆ.

ಆಂಟಿಬಯೋಟಿಕ್ ಬಗ್ಗೆಯೂ ಒಂದು ಮಾತು. ಶುಭ್ರವಾಗಿ ತೆಗೆದ ಸಣ್ಣ ಗಂಟಿಗೆ ಅನೇಕ ಸಲ ಅದರ ಅಗತ್ಯವೇ ಇರುವುದಿಲ್ಲ. ವೈದ್ಯರು ಕೊಡದಿದ್ದರೆ ಅಂಗಡಿಯಿಂದ ತಂದು ನುಂಗಬೇಡಿ. ಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ.

ನಂಜಿನ ಪಥ್ಯ

ಎಲ್ಲಕ್ಕಿಂತ ಹೆಚ್ಚಾಗಿ ನಾನು ಜಗಳವಾಡುವುದು ಈ ವಿಷಯದಲ್ಲಿ. ಗಾಯವಾದವರಿಗೆ ಮೊಟ್ಟೆ ನಂಜು, ಮಾಂಸ ನಂಜು, ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಬೇಳೆಯೂ ನಂಜು. ಕೊನೆಗೆ ಉಳಿಯುವುದು ಗಂಜಿ ಮತ್ತು ತಿಳಿಸಾರು. ಹದಿನೈದು ದಿನ ಹೀಗೆ ತಿಂದ ಮುದುಕರು ಗಾಯದಿಂದಲ್ಲ, ಪಥ್ಯದಿಂದ ಸೊರಗುತ್ತಾರೆ.

ಗಾಯ ಮಾಯುವುದೆಂದರೆ ದೇಹ ಹೊಸ ಅಂಗಾಂಶವನ್ನು ನೇಯುವುದು. ನೇಯಲು ನೂಲು ಬೇಕು. ಆ ನೂಲೇ ಪ್ರೋಟೀನು. ಬೇಳೆ, ಹೆಸರುಕಾಳು, ಶೇಂಗಾ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ. ಇವು ಯಾವುವೂ ಗಾಯಕ್ಕೆ ಕೀವು ತರುವುದಿಲ್ಲ. ಕೀವು ತರುವುದು ಕ್ರಿಮಿ. ಒಂದು ಆಹಾರ ತಿಂದರೆ ನಿಮಗೆ ಮೊದಲಿನಿಂದಲೂ ಮೈ ತುರಿಸಿ ದದ್ದು ಏಳುವುದಿದ್ದರೆ ಅದನ್ನು ಬಿಡಿ, ಅದು ಅಲರ್ಜಿ. ಉಳಿದವರಿಗೆ ಮುದ್ದೆಯ ಜೊತೆ ದಪ್ಪ ಬೇಳೆಸಾರು, ರೊಟ್ಟಿಯ ಜೊತೆ ಕಾಳಿನ ಪಲ್ಯ ಧಾರಾಳವಾಗಿ ಬಡಿಸಿ.

ನೂಲನ್ನು ಗಟ್ಟಿಯಾಗಿ ಹೆಣೆಯಲು ಇನ್ನೊಂದು ವಸ್ತು ಬೇಕು, ಸಿ ಜೀವಸತ್ವ. ಇದು ತಿಳಿದದ್ದು ಒಂದು ಪುಟ್ಟ ಪ್ರಾಣಿಯಿಂದ. ಇಲಿ, ನಾಯಿ, ಹಸು ಮುಂತಾದ ಹೆಚ್ಚಿನ ಪ್ರಾಣಿಗಳು ಸಿ ಜೀವಸತ್ವವನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಆ ಶಕ್ತಿಯಿಲ್ಲ. ಗಿನಿಪಿಗ್ಗಿಗೂ ಇಲ್ಲ. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ಇಬ್ಬರು, ಬರಿಯ ಧಾನ್ಯ ತಿನ್ನಿಸಿದ ಗಿನಿಪಿಗ್ಗುಗಳಿಗೆ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗವೇ ಬರುವುದನ್ನು ತೋರಿಸಿದರು. ಸೊಪ್ಪು, ಹಣ್ಣು ಕೊಟ್ಟರೆ ರೋಗ ಬರುತ್ತಿರಲಿಲ್ಲ. ಮುಂದೆ ಕ್ರಾಂಡನ್ ಎಂಬ ಅಮೆರಿಕದ ಯುವ ಶಸ್ತ್ರವೈದ್ಯ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡ. ತಿಂಗಳುಗಟ್ಟಲೆ ಸಿ ಜೀವಸತ್ವವಿಲ್ಲದ ಊಟ ಮಾಡಿದ. ಮೂರನೆಯ ತಿಂಗಳಲ್ಲಿ ಬೆನ್ನಿಗೆ ಮಾಡಿಸಿಕೊಂಡ ಗಾಯ ಚೆನ್ನಾಗಿಯೇ ಮಾಯ್ದಿತು. ಆರನೆಯ ತಿಂಗಳಲ್ಲಿ ಮಾಡಿಸಿಕೊಂಡ ಗಾಯದ ಒಳಭಾಗ ಮಾತ್ರ ಕೂಡಲೇ ಇಲ್ಲ. ಆ ಜೀವಸತ್ವವನ್ನು ಚುಚ್ಚುಮದ್ದಾಗಿ ಪಡೆದ ಮೇಲೆ ಅದೂ ಮಾಯ್ದಿತು. 1940ರಲ್ಲಿ ಇದು ಪ್ರಕಟವಾಯಿತು.

ಇದಕ್ಕಾಗಿ ದುಬಾರಿ ಮಾತ್ರೆ ಬೇಡ. ಒಂದು ಪೇರಲಹಣ್ಣು, ಇಲ್ಲವೇ ಒಂದೆರಡು ನೆಲ್ಲಿಕಾಯಿ ದಿನದ ಅಗತ್ಯವನ್ನು ಮೀರಿ ಕೊಡುತ್ತವೆ. ನಿಂಬೆಹಣ್ಣನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ನುಗ್ಗೆಸೊಪ್ಪು ಹಿತ್ತಲಲ್ಲೇ ಇದೆ.

ಗಿನಿಪಿಗ್ ಮಾತು ಬಂದದ್ದರಿಂದ ಒಂದು ಉಪಕಥೆ. ಪೇಟೆಯ ಮಕ್ಕಳು ಈಗ ಅದನ್ನು ಮನೆಯಲ್ಲಿ ಸಾಕುತ್ತಿದ್ದಾರೆ. ಒಬ್ಬ ಹುಡುಗ ತನ್ನ ಗಿನಿಪಿಗ್ಗಿನ ಬೆನ್ನಿನ ಗಂಟು ತೆಗೆಸಿದ ಮೇಲೆ, ಅಜ್ಜನಿಗೆ ಬರೆದುಕೊಟ್ಟು ಉಳಿದಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲನ್ನು ಅದಕ್ಕೂ ಕೊಡಬಹುದೇ ಎಂದು ನನ್ನನ್ನೇ ಕೇಳಿದ. ನಾನು ಮನುಷ್ಯರ ವೈದ್ಯ. ಪಶುವೈದ್ಯ ಮಿತ್ರರನ್ನು ಕೇಳಿ ತಿಳಿದುಕೊಂಡೆ: ಪೆನಿಸಿಲಿನ್ ವರ್ಗದ ಔಷಧವನ್ನು ಬಾಯಿಯಿಂದ ಕೊಟ್ಟರೆ ಗಿನಿಪಿಗ್ಗಿನ ಕರುಳಿನ ಒಳ್ಳೆಯ ಕ್ರಿಮಿಗಳು ಸತ್ತು, ಕೆಟ್ಟವು ಬೆಳೆದು, ಪ್ರಾಣಿ ಕೆಲವೇ ದಿನಗಳಲ್ಲಿ ಸಾಯಬಹುದು. ಶಸ್ತ್ರಕ್ರಿಯೆಯ ನಂತರ ಅದಕ್ಕೆ ಗಾಯಕ್ಕಿಂತ ಉಪವಾಸವೇ ದೊಡ್ಡ ಅಪಾಯ. ಹುಲ್ಲು ಸದಾ ಮುಂದಿರಬೇಕು. ಅರ್ಧ ದಿನ ತಿನ್ನದೆ ಕುಳಿತರೆ, ಹಿಕ್ಕೆ ಹಾಕುವುದು ನಿಂತರೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮಲಗುವ ಜಾಗಕ್ಕೆ ಮರದ ಹೊಟ್ಟಿನ ಬದಲು ಒಗೆದ ಟವೆಲ್ ಹಾಸಿ ದಿನಾ ಬದಲಿಸಬೇಕು. ಸೀಬೆಯ ಚೂರು, ದೊಣ್ಣೆಮೆಣಸಿನಕಾಯಿ ಕೊಡಬೇಕು. ಆ ಹುಡುಗ ಕೇಳಿದ್ದು ಒಳ್ಳೆಯದಾಯಿತು. ಉಳಿದ ಔಷಧವನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ಕೇಳುವ ದೊಡ್ಡವರು ಕಡಿಮೆ.

ಸಕ್ಕರೆ, ಬೀಡಿ, ತೋಟದ ಕೆಲಸ

ಮಧುಮೇಹ ಇರುವವರ ಗಾಯ ನಿಧಾನ, ಕೀವಾಗುವುದು ಬೇಗ. ನಲವತ್ತು ದಾಟಿದವರು ಗಂಟು ತೆಗೆಸುವ ಮೊದಲೇ ರಕ್ತದ ಸಕ್ಕರೆ ನೋಡಿಸಿಕೊಳ್ಳಬೇಕು. ನೋವಿನ ದಿನಗಳಲ್ಲಿ ಸಕ್ಕರೆ ಏರುತ್ತದೆ. ಊಟ ಸೇರುತ್ತಿಲ್ಲವೆಂದು ಮಾತ್ರೆಯನ್ನೋ ಇನ್ಸುಲಿನ್ನನ್ನೋ ತಾವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿ. ಬೀಡಿ, ಸಿಗರೇಟು ಚರ್ಮದ ಸಣ್ಣ ರಕ್ತನಾಳಗಳನ್ನು ಸಂಕುಚಿಸುತ್ತವೆ. ಕನಿಷ್ಠ ಗಾಯ ಮಾಯುವವರೆಗಾದರೂ ಬಿಡಿ ಎಂದು ನಾನು ಹೇಳುತ್ತೇನೆ. ಆ ನೆಪದಲ್ಲಿ ಪೂರ್ತಿ ಬಿಟ್ಟವರೂ ಇದ್ದಾರೆ.

ಚನ್ನಗಿರಿ ಕಡೆ ಅಡಿಕೆ ಸುಗ್ಗಿಯಲ್ಲಿ ಗಂಟು ತೆಗೆಸಲು ಯಾರೂ ಬರುವುದಿಲ್ಲ. ಬಂದರೂ ನಾಲ್ಕನೆಯ ದಿನ ಅಡಿಕೆ ಸುಲಿಯಲು ಕುಳಿತಿರುತ್ತಾರೆ. ಕಂಕುಳು, ಭುಜ, ತೋಳಿನ ಹೊಲಿಗೆ ಇರುವವರಿಗೆ ಸುಲಿಯುವುದು, ಗೊನೆ ಹೊರುವುದು, ಹಂಡೆ ಎತ್ತುವುದು ಹೊಲಿಗೆ ಬಿಚ್ಚುವವರೆಗೆ ಬೇಡ. ಹೊನ್ನಾಳಿ, ನ್ಯಾಮತಿಯ ಗದ್ದೆಯವರು ಕಾಲಿನ ಹೊಲಿಗೆಯೊಡನೆ ಕೆಸರಿಗೆ ಇಳಿಯಬಾರದು. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೇ ಎಂದು ಶಸ್ತ್ರಕ್ರಿಯೆಯ ದಿನವೇ ವೈದ್ಯರಿಗೆ ತಿಳಿಸಿ. ಕೈಕಾಲು ಆಡಿಸದೆ ಮಲಗಿಯೇ ಇರುವುದೂ ತಪ್ಪು. ಮನೆಯೊಳಗೆ ನಡೆದಾಡಲಿ, ಊಟ ತಾವೇ ಮಾಡಲಿ. ಅಮ್ಮನಿಗೆ ಶಸ್ತ್ರಕ್ರಿಯೆಯಾದರೆ ನೀರು ತರುವ ಕೊಡ ಯಾರ ತಲೆಗೆ ಎಂಬುದನ್ನು ಮನೆಯವರು ಮೊದಲೇ ಮಾತಾಡಿಕೊಳ್ಳುವುದು ಲೇಸು. ಇಲ್ಲದಿದ್ದರೆ ಮೂರನೆಯ ದಿನ ಅದು ಮತ್ತೆ ಅವರ ತಲೆಗೇ ಏರುತ್ತದೆ.

ಯಾವಾಗ ಓಡಬೇಕು?

ಗಾಯದ ಅಂಚು ತುಸು ಕೆಂಪಾಗಿ, ತುರಿಸುತ್ತಿದ್ದರೆ ಮಾಯುವ ಲಕ್ಷಣ. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಮೂರನೆಯ ದಿನದ ನಂತರ ಇಳಿಯುತ್ತಿದ್ದ ನೋವು ಮತ್ತೆ ಏರಿದರೆ, ಕೆಂಪು ಅಗಲವಾಗುತ್ತ ಹೋದರೆ, ಕೀವು, ದುರ್ವಾಸನೆ, ಚಳಿಜ್ವರ ಬಂದರೆ ಅಂದೇ ತೋರಿಸಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ ಮರುದಿನ ಅದು ದಾಟಿದೆಯೇ ಎಂದು ತಿಳಿಯುತ್ತದೆ. ಗಾಯದ ಕೆಳಗೆ ನೀರು ತುಂಬಿದಂತೆ ಮೆತ್ತಗೆ ಉಬ್ಬಿ, ನೋವು ಜ್ವರ ಇಲ್ಲದಿದ್ದರೆ ಅದು ದೊಡ್ಡ ಗಂಟು ತೆಗೆದ ಖಾಲಿ ಜಾಗದಲ್ಲಿ ಸೇರಿದ ನೀರು. ಬಹಳ ಸಲ ತಾನೇ ಹೀರಿಹೋಗುತ್ತದೆ. ವೈದ್ಯರಿಗೆ ತೋರಿಸಿ, ಮನೆಯಲ್ಲಿ ಚುಚ್ಚಬೇಡಿ.

ಹೊಲಿಗೆ ಬಿಚ್ಚುವ ದಿನ ಜಾಗಕ್ಕೆ ತಕ್ಕಂತೆ. ಮುಖಕ್ಕೆ ಸುಮಾರು ಐದು ದಿನ, ತಲೆಗೆ ಏಳರಿಂದ ಹತ್ತು, ಬೆನ್ನು, ಕೈಕಾಲುಗಳಿಗೆ ಹತ್ತರಿಂದ ಹದಿನಾಲ್ಕು. ಬೇಗ ಬಿಚ್ಚಿದರೆ ಗಾಯ ಬಾಯಿ ಬಿಡುತ್ತದೆ, ಬಹಳ ತಡವಾದರೆ ಹೊಲಿಗೆಯ ಗುರುತು ಉಳಿಯುತ್ತದೆ.

ವರದಿ ಬಂದ ಮೇಲೆ

ವರದಿ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಸಿಗುತ್ತದೆ. ಹೊಲಿಗೆ ಬಿಚ್ಚುವ ದಿನಕ್ಕೆ ಅದನ್ನು ಜೊತೆಗೇ ತನ್ನಿ. ಅದರಲ್ಲಿ ಬಿನೈನ್ ಎಂದಿದ್ದರೆ ಕ್ಯಾನ್ಸರ್ ಅಲ್ಲ. ಮೆಲಿಗ್ನೆಂಟ್ ಎಂದಿದ್ದರೆ ಕ್ಯಾನ್ಸರ್. ಮಾರ್ಜಿನ್ ಎಂಬ ಮಾತು ಗಂಟಿನ ಸುತ್ತಲಿನ ಅಂಚಿಗೆ ಸಂಬಂಧಿಸಿದ್ದು, ಅಲ್ಲಿ ರೋಗ ಉಳಿದಿದೆಯೇ ಎಂಬುದನ್ನು ಹೇಳುತ್ತದೆ. ಗ್ರಾನುಲೋಮ ಎಂದಿದ್ದರೆ ನಮ್ಮ ದೇಶದಲ್ಲಿ ಮೊದಲು ನೆನೆಯಬೇಕಾದದ್ದು ಕ್ಷಯವನ್ನು. ಓದಿ ನೀವೇ ತೀರ್ಮಾನ ಮಾಡಬೇಡಿ, ಆದರೆ ಓದದೆಯೂ ಇರಬೇಡಿ.

ಕ್ಷಯವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಕನಿಷ್ಠ ಆರು ತಿಂಗಳು ತಪ್ಪದೆ ನುಂಗಬೇಕು. ಚಿಕಿತ್ಸೆಯ ನಡುವೆ ಗಂಟು ಒಮ್ಮೊಮ್ಮೆ ದೊಡ್ಡದಾಗುವುದೂ ಉಂಟು, ಅದಕ್ಕಾಗಿ ಔಷಧ ಬಿಡಬಾರದು. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿಯಂತೆ ರೋಗಿಯ ಬ್ಯಾಂಕ್ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ರೂಪಾಯಿ ಆಗಿದೆ. ಕ್ಯಾನ್ಸರ್ ಆದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಪಡಿತರ ಚೀಟಿ, ಆಧಾರ್ ಮತ್ತು ವರದಿಯ ಮೂಲಪ್ರತಿ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಬೇರೆಡೆಗೋ ಹೋಗುವಾಗ ಪ್ರಯೋಗಾಲಯದವರಿಂದ ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಂಡು ಹೋಗಿ. ಅಲ್ಲಿಯ ವೈದ್ಯರು ತಾವೇ ಮತ್ತೊಮ್ಮೆ ನೋಡಬಯಸುತ್ತಾರೆ.

ನ್ಯಾಮತಿಯ ಆ ಮಹಿಳೆಯ ಮಗ ಮರುದಿನವೇ ಅಟ್ಟದಿಂದ ಬಾಟಲಿ ಇಳಿಸಿ ತಂದ. ದ್ರಾವಣ ಆರಿರಲಿಲ್ಲ, ಚೀಟಿಯೂ ಉಳಿದಿತ್ತು. ಎಂಟು ತಿಂಗಳು ಕಳೆದಿದ್ದರೂ ಪರೀಕ್ಷೆ ಸಾಧ್ಯವಾಯಿತು. ಅದು ಕ್ಯಾನ್ಸರೇ ಆಗಿತ್ತು, ಕಂಕುಳಿನ ಗಂಟೂ ಅದೇ. ದೊಡ್ಡ ಶಸ್ತ್ರಕ್ರಿಯೆಯಾಗಿ, ಔಷಧ ಚಿಕಿತ್ಸೆ ನಡೆಯುತ್ತಿದೆ. ಕೂದಲು ಉದುರಿದೆ, ತಲೆಗೆ ಸೆರಗು ಹೊದ್ದು ಮೂರು ವಾರಕ್ಕೊಮ್ಮೆ ರಕ್ತ ಪರೀಕ್ಷೆಗೆ ನನ್ನ ಬಳಿ ಬರುತ್ತಾರೆ.

ನಿಮ್ಮ ಮನೆಯ ಅಟ್ಟದಲ್ಲೋ ಗೂಡಿನಲ್ಲೋ ಇಂಥ ಬಾಟಲಿ ಉಳಿದಿದ್ದರೆ ಹಳೆಯದಾಯಿತೆಂದು ಚೆಲ್ಲಬೇಡಿ. ಮುಚ್ಚಳ ತೆಗೆಯದೆ, ಶಸ್ತ್ರಕ್ರಿಯೆಯ ಚೀಟಿಯ ಸಮೇತ ಹತ್ತಿರದ ವೈದ್ಯರಿಗೆ ತೋರಿಸಿ. ಬಾಟಲಿ ಸಿಗದಿದ್ದರೂ ಗಂಟು ತೆಗೆಸಿದವರನ್ನು ಕರೆದುಕೊಂಡು ಬನ್ನಿ. ಗಾಯದ ಜಾಗವನ್ನೂ ಕಂಕುಳು, ಕುತ್ತಿಗೆಯನ್ನೂ ಪರೀಕ್ಷಿಸಿ ಮುಂದಿನದನ್ನು ಹೇಳಬಹುದು.